ಊರಿಗೆಲ್ಲ ಒಬ್ಬಳದೇ ಕೆಮ್ಮು

ನಮ್ಮೂರಿನಲ್ಲಿ ಯಾರಾದರೂ ಕೆಮ್ಮಿದರೆ ಯಾಕೆ ಕೆಮ್ಮುತ್ತೀ ಎಂದು ಕೇಳುವುದಿಲ್ಲ, "ಯಾರ್ನ ಕೆಮ್ಮಾಕತ್ತೀ?" ಎಂದು ಕೇಳುತ್ತಾರೆ. ಯಾರಿಂದ ಹತ್ತಿತೋ ಅವರ ದನಿಯಲ್ಲೇ ಕೆಮ್ಮು ಬರುತ್ತದೆ. ಸೊಸೆ ಅತ್ತೆಯ ದನಿಯಲ್ಲಿ ಕೆಮ್ಮುತ್ತಾಳೆ, ಅತ್ತೆ ಹಾಲು ಹಾಕುವವನ ದನಿಯಲ್ಲಿ ಕೆಮ್ಮುತ್ತಾಳೆ. ಮಠದ ಅಯ್ಯನವರು ಒಂದು ಚಳಿಗಾಲದಲ್ಲಿ ಇಸ್ಪೀಟಿನ ಅಡ್ಡೆ ನಡೆಸುವ ಮಲ್ಲ್ಯಾನ ದನಿಯಲ್ಲಿ ಕೆಮ್ಮಿದರು. ಯಾರೂ ಏನೂ ಅನ್ನಲಿಲ್ಲ. ಆದರೆ ಅವರ ಪ್ರವಚನದಲ್ಲಿ ಜೂಜಿನ ಮಾತು ಬರುವುದು ಅಂದಿನಿಂದ ನಿಂತಿತು.

ಕೆಮ್ಮುವವರಿಗೆ ಮಾತ್ರ ಇದು ತಿಳಿಯುವುದಿಲ್ಲ. ಅವರ ಕಿವಿಗೆ ಅದು ತಮ್ಮದೇ ಕೆಮ್ಮು. ತಮ್ಮ ದನಿ ಇನ್ನೊಬ್ಬರ ಬಾಯಲ್ಲಿ ಬಂದರೂ ಯಾರಿಗೂ ಗುರುತು ಹತ್ತುವುದಿಲ್ಲ. ಪಕ್ಕದಲ್ಲಿದ್ದವರು ಹೇಳಬೇಕು. ದನಿ ಇಂಥವರದು ಎಂದು ಇಬ್ಬರು ಹೇಳಿದರೆ ಸಾಕು, ಆ ದನಿಯವರು ಗಂಜಿ ಕಾಯಿಸಿಕೊಂಡು ಕೆಮ್ಮುವವರ ಮನೆಗೆ ಹೋಗಬೇಕು, ಹಾಸಿಗೆಯ ಪಕ್ಕ ಕೂತು ಮೊದಲ ಗುಟುಕನ್ನು ತಮ್ಮ ಕೈಯಿಂದ ಕುಡಿಸಬೇಕು. ಇದರಲ್ಲಿ ಅವಮಾನವೇನೂ ಇರಲಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಗಂಜಿಯ ನೆಪದಲ್ಲಿ ಒಂದಾದದ್ದಿದೆ. ಯಾರಾದರೂ ಬಹಳ ದಿನ ಮನೆಗೆ ಬರದಿದ್ದರೆ "ನನಗೊಂದು ಕೆಮ್ಮಾದ್ರೂ ಹಚ್ಚಿ ಹೋಗೋ, ಗಂಜಿ ತಗೊಂಡರ ಬಂದೀ" ಎಂದು ಮುದುಕಿಯರು ಚೇಷ್ಟೆ ಮಾಡುತ್ತಿದ್ದರು.

ನನ್ನದು ಹಿಟ್ಟಿನ ಗಿರಣಿ. ಊರಿಗೆ ಇರುವುದು ಅದೊಂದೇ. ಸಾವಂತ್ರಕ್ಕನ ಬಾಯಿ ಗಿರಣಿಗಿಂತ ಜೋರು ಎಂದು ಜನ ಆಡಿಕೊಳ್ಳುತ್ತಾರೆ. ಎದುರಿಗೆ ಆಡುವುದಿಲ್ಲ. ಸಿಟ್ಟು ಬಂದರೆ ನಾನು ಅವರ ಬುಟ್ಟಿಯನ್ನು ಹೊರಗಿಡುತ್ತೇನೆ, ಜೋಳ ಜೋಳವಾಗಿಯೇ ಮನೆಗೆ ಹೋಗುತ್ತದೆ, ಆ ದಿನ ಅವರ ಮನೆಯಲ್ಲಿ ರೊಟ್ಟಿಯಿಲ್ಲ. ಹಾಗಾಗಿ ನನ್ನ ಮುಂದೆ ಎಲ್ಲರೂ ಮಾತನ್ನು ತೂಗಿ ಆಡುತ್ತಾರೆ. ಅದನ್ನು ನಾನು ಮರ್ಯಾದೆ ಎಂದು ತಿಳಿದಿದ್ದೆ.

ನನ್ನ ಮುಂದೆ ತೂಗದೆ ಆಡುತ್ತಿದ್ದವಳು ಕಾಶವ್ವ ಒಬ್ಬಳೇ. ಗಿರಣಿಯ ಓಣಿಯ ಕೊನೆಗೆ ಅವಳ ಖಾನಾವಳಿ. ಗಂಡ ಸತ್ತ ಮೇಲೆ ರೊಟ್ಟಿ ಬಡಿದೇ ಬದುಕಿದವಳು. "ಸಾವಂತ್ರಿ, ನಿನ್ನ ಹಿಟ್ಟಿನಾಗ ಕಲ್ಲಿನ ಪುಡಿ ಬರಾಕತ್ತದ. ನನ್ನ ಗಿರಾಕಿ ಹಲ್ಲು ಮುರಿಸಿಕೊಂಡ್ರ ನೀ ಕಟ್ಟಿಸಿಕೊಡ್ತೀಯೇನ?" ಎಂದು ಹತ್ತು ಜನರ ಮುಂದೆ ಕೇಳುವವಳು. ನಾನು ಬುಟ್ಟಿ ಹೊರಗಿಟ್ಟರೆ ಅವಳು ಮನೆಯ ಬೀಸುಕಲ್ಲಿನಲ್ಲಿ ಬೀಸಿಕೊಳ್ಳುತ್ತಿದ್ದಳು, ಮರುದಿನ ಬಂದು "ತೋಳು ಗಟ್ಟಿ ಆದವು, ಚೊಲೋ ಆತು" ಎನ್ನುತ್ತಿದ್ದಳು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಅವಳು ಹೇಳಿದ್ದು ನಿಜವಿತ್ತು, ಗಿರಣಿಯ ಕಲ್ಲು ಸವೆದಿತ್ತು. ದೂರದ ಬಂದರಿನ ಊರಿನಿಂದ ಲಾರಿಯಲ್ಲಿ ಹೊಸ ಕಲ್ಲು ತರಿಸಿದೆ. ಅದನ್ನು ಕೂಡಿಸಲು ಒಬ್ಬ ಮಿಸ್ತ್ರಿಯೂ ಬಂದ. ಆ ಮನುಷ್ಯ ಬಂದಾಗಿನಿಂದ ಕೆಮ್ಮುತ್ತಿದ್ದ. ಆ ದನಿ ನಮ್ಮ ಊರಿನದಲ್ಲ, ಸುತ್ತಲ ಹಳ್ಳಿಯದಲ್ಲ. ಮಧ್ಯಾಹ್ನ ಉಣ್ಣಲು ಹೋದಾಗ ಕಾಶವ್ವ "ಯಾರ್ನ ಕೆಮ್ಮಾಕತ್ತೀರಿ ಮಿಸ್ತ್ರಿ?" ಎಂದು ಕೇಳಿದಳಂತೆ. ಅವನಿಗೆ ತಿಳಿಯಲಿಲ್ಲ. "ಬಂದರದಾಗ ಈಗ ಎಲ್ಲಾರೂ ಹಿಂಗ ಕೆಮ್ಮತಾರ್ರೀ, ಹಡಗಿನಾಗ ಬಂದವರೂ ಹಿಂಗ" ಎಂದನಂತೆ. ಅವಳು ಅವನ ಎಲೆಯನ್ನು ಹೊರಗಿನ ಕಟ್ಟೆಗೆ ಹಾಕಿ ಅಲ್ಲೇ ಉಣಿಸಿ ಕಳಿಸಿದಳು. ನಾನು ಇಡೀ ದಿನ ಅವನ ಮಗ್ಗುಲಲ್ಲಿ ಬಗ್ಗಿ ಬೆಲ್ಟು ಹಿಡಿದು ನಿಂತಿದ್ದೆ.

ಅವನು ಹೋದ ಮೇಲೆ ನನಗೆ ಸ್ವಲ್ಪ ಮೈ ಬಿಸಿಯಾಯಿತು, ಕೆಮ್ಮು ಬಂತು. ಗಿರಣಿಯವರಿಗೆ ಹಿಟ್ಟಿನ ಕೆಮ್ಮು ಇದ್ದದ್ದೇ. ಅದು ಯಾರಿಂದಲೂ ಹತ್ತಿದ್ದಲ್ಲ, ಅದಕ್ಕೆ ಗಂಜಿಯಿಲ್ಲ. ಹೊಸ ಕಲ್ಲು ಧೂಳು ಜಾಸ್ತಿ ಹಾರಿಸುತ್ತದೆ ಎಂದುಕೊಂಡು ನಾನು ಗಿರಣಿ ನಿಲ್ಲಿಸಲಿಲ್ಲ. ಯಂತ್ರದ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರಿಗೂ ನನ್ನ ಕೆಮ್ಮು ಕೇಳಿಸುವುದಿಲ್ಲ. ಮಾತಾಡಬೇಕಾದರೆ ಕಿವಿಗೆ ಬಾಯಿ ಹಚ್ಚಿಯೇ ಮಾತಾಡಬೇಕು. ಆ ವಾರ ನಾನು ಊರಿನ ಎಷ್ಟು ಕಿವಿಗೆ ಬಾಯಿ ಹಚ್ಚಿದೆನೋ. ಮನೆಗೆ ಬಂದರೆ ನಮ್ಮ ಮನೆಯವರು ನಿಂಗಪ್ಪ ನನ್ನ ಕೆಮ್ಮು ಕೇಳಿ ಒಂದು ಥರ ನೋಡುತ್ತಿದ್ದರು. ಹಾಸಿಗೆಯನ್ನು ಪಡಸಾಲೆಗೆ ಹಾಕಿಕೊಂಡರು. "ಯಾಕ್ರೀ?" ಎಂದರೆ "ಸೆಕಿ" ಎಂದರು. ಅದು ಚಳಿಗಾಲ. ನಾನು ಹೆಚ್ಚು ಕೇಳಲಿಲ್ಲ. ನನಗೂ ವಾಸಿಯಾಯಿತು.

ಆಮೇಲೆ ಊರು ಕೆಮ್ಮತೊಡಗಿತು. ಮೊದಲು ದರ್ಜಿ ಸಿಂಪಿಗೇರ ದ್ಯಾಮಣ್ಣ, ನಂತರ ಅವನ ತಾಯಿ, ನಂತರ ಮಠದ ಓಣಿಯಲ್ಲಿ ಮನೆಗೊಬ್ಬರು. ಸಾದಾ ಕೆಮ್ಮಲ್ಲ. ಉಸಿರು ಒಳಗೆ ಹೋಗದ, ತುಟಿ ನೀಲಿಯಾಗುವ ಕೆಮ್ಮು. ಸರಕಾರದ ಬಿಳಿ ಗಾಡಿಯಲ್ಲಿ ಒಬ್ಬ ಡಾಕ್ಟರಬಾಯಿ ಬಂದರು. ಚಾವಡಿಯ ಮುಂದೆ ನಮ್ಮನ್ನು ದೂರ ದೂರ ಕೂಡಿಸಿ, ಬಾಯಿಗೆ ಬಟ್ಟೆ ಕಟ್ಟಿಸಿ, ತಿಳಿಸಿ ಹೇಳಿದರು. ಇದು ಹೊಸ ಜ್ವರ, ಉಸಿರಿನಲ್ಲಿ ಹರಡುವ ಹೊಸ ವೈರಸ್ಸು, ಮೊದಲು ಯಾವ ಮನುಷ್ಯನಿಗೂ ಬಂದದ್ದಲ್ಲ, ಹಾಗಾಗಿ ಯಾರ ಮೈಯಲ್ಲೂ ಇದನ್ನು ತಡೆಯುವ ಶಕ್ತಿ ಇಲ್ಲ. ಸಮುದ್ರದ ಆಚೆ ಎಷ್ಟೋ ದೇಶಗಳಲ್ಲಿ ಜನ ಸಾಯುತ್ತಿದ್ದಾರೆ. ಎಲ್ಲೆಲ್ಲಿ ಮೊದಲ ಕೆಲವು ದಿನ ಮುಚ್ಚಿಟ್ಟರೋ ಅಲ್ಲಲ್ಲಿ ಅದು ಬೇರು ಬಿಟ್ಟಿತು.

ನಾನು ಎದ್ದು ನಿಂತೆ. "ಬಾಯಾರ, ನಮ್ಮೂರಾಗ ಕೆಮ್ಮು ಮುಚ್ಚಿಡಾಕ ಆಗೂದಿಲ್ಲ. ಯಾರಿಂದ ಬಂತು ಅಂತ ಕೆಮ್ಮೇ ಹೇಳತದ" ಎಂದೆ. ಜನ ನೆಲ ನೋಡಿದರು. ನಾಚಿಕೊಂಡರು ಎಂದುಕೊಂಡೆ.

ಡಾಕ್ಟರಬಾಯಿ ಗಂಜಿಯ ಪದ್ಧತಿಯನ್ನು ಕೇಳಿ ಗಾಬರಿಯಾದರು. ರೋಗಿಯ ಪಕ್ಕ ಯಾರೂ ಕೂಡಬಾರದು, ಗಂಜಿ ಕೊಡುವುದಾದರೆ ಬಾಗಿಲಲ್ಲಿ ಇಟ್ಟು ಹೊರಟು ಬರಬೇಕು ಎಂದರು. ಅದಕ್ಕೂ ನಾನೇ ಬಾಯಿ ಹಾಕಿದೆ. "ಬಾಗಲದಾಗ ಇಡೂದು ನಾಯಿಗೆ, ಬಾಯಾರ. ಮನುಷ್ಯಾರಿಗೆ ಕುಂತು ಕುಡಿಸ್ತೀವಿ." ಹಿರಿಯರಾದ ದೇಸಾಯಿ ಕಾಕಾ ಏನೋ ಹೇಳಲು ಹೋದವರು ನನ್ನನ್ನು ನೋಡಿ ಸುಮ್ಮನಾದರು.

ದ್ಯಾಮಣ್ಣನ ತಾಯಿ ನನಗೆ ದೂರದಿಂದ ಅತ್ತೆಯಾಗಬೇಕು. ನೋಡಲು ಹೋದೆ. ಹೊಸ್ತಿಲಲ್ಲಿ ನಿಂತಾಗಲೇ ಒಳಗಿನ ಕೆಮ್ಮು ಕೇಳಿತು. ಒಂದು ಒರಟು ಹೆಂಗಸಿನ ದನಿ. ಕೆಮ್ಮಿನಲ್ಲೂ ಯಾರನ್ನೋ ಬೈಯುತ್ತಿದ್ದ ಹಾಗೆ, ಎದುರಿಗಿದ್ದವರನ್ನು ತಳ್ಳಿಕೊಂಡು ಹೋಗುವ ಹಾಗೆ. ಕೇಳಿದ ಕೂಡಲೇ ಆ ದನಿಯ ಮೇಲೆ ನನಗೆ ಸಿಟ್ಟು ಬಂತು.

"ಯಾರದೋ ಇದು ದ್ಯಾಮಣ್ಣ? ನಿಮ್ಮವ್ವ ಯಾರ್ನ ಕೆಮ್ಮಾಕತ್ತಾಳ?"

"ನನ್ನ ಕೆಮ್ಮತಿರಬೇಕ್ರಿ ಅಕ್ಕಾ. ನನಗ ಮೊದಲ ಬಂದಿತ್ತು."

"ಇದೇನು ಗಂಡಸಿನ ದನಿಯೇನೋ? ನನಗ ಕಿವಿಯಿಲ್ಲೇನು? ಇಬ್ಬರಿಗೂ ಹಚ್ಚಿದಾಕಿ ಒಬ್ಬಾಕಿ ಅದಾಳ. ಯಾರಕಿ?"

"ಗೊತ್ತಾಗವಲ್ದುರಿ" ಎಂದು ಅವನು ಸೂಜಿಗೆ ದಾರ ಪೋಣಿಸುತ್ತಾ ಕೂತ. ದಾರ ಸೂಜಿಯೊಳಗೆ ಹೋಗಲೇ ಇಲ್ಲ.

ಓಣಿಯಿಂದ ಓಣಿಗೆ ಹೋದೆ. ಎಲ್ಲ ಮನೆಯಲ್ಲೂ ಅದೇ ದನಿ. ಊರಿಗೆಲ್ಲ ಒಬ್ಬಳದೇ ಕೆಮ್ಮು. ಯಾರನ್ನು ಕೇಳಿದರೂ "ಗೊತ್ತಾಗವಲ್ದು ಅಕ್ಕಾ." ಗಿರಣಿಗೆ ಬಂದ ಹೆಂಗಸರು ಕೆಮ್ಮು ಬಂದರೆ ನನ್ನ ಕಡೆ ನೋಡಿ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಯಂತ್ರ ನಿಂತಾಗ ಉಸಿರು ಕಟ್ಟಿಕೊಂಡು ನಿಂತು, ಯಂತ್ರ ಶುರುವಾದ ಮೇಲೆ ಕೆಮ್ಮುತ್ತಿದ್ದರು. ಯಾರನ್ನೋ ಕಾಪಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಊರಿಗೆ ಬಂದು ಹೋಗುವ ಪರದೇಶಿಗಳೆಲ್ಲ ಉಣ್ಣುವುದು ಎಲ್ಲಿ? ಮಿಸ್ತ್ರಿ ಉಂಡದ್ದು ಎಲ್ಲಿ? ನನಗೆ ಬೇಕಾದ ಹೆಸರು ನನ್ನ ಬಾಯಲ್ಲಿ ಮೊದಲೇ ಇತ್ತು.

ದ್ಯಾಮಣ್ಣನ ತಾಯಿ ತೀರಿಕೊಂಡ ದಿನ ನಾನು ಗಿರಣಿಯ ಬೆಲ್ಟು ಜಾರಿಸಿ, ಯಂತ್ರ ನಿಲ್ಲಿಸಿ, ಸಾಲಿನಲ್ಲಿದ್ದವರಿಗೆ ಕೇಳಿದೆ. "ಇದು ಕಾಶಿ ದನಿ ಅಲ್ಲೇನು? ಹೇಳ್ರಿ." ಒಬ್ಬಳು "ಇರಬೇಕ್ರಿ ಅಕ್ಕಾ" ಎಂದಳು. ಇನ್ನೊಬ್ಬಳು "ನಿಮಗ ಹಂಗ ಕೇಳಸ್ತದಂದ್ರ..." ಎಂದಳು. ಇಬ್ಬರಾಯಿತು. ಅಷ್ಟು ಸಾಕಿತ್ತು ನನಗೆ. ಅವರ ಬುಟ್ಟಿಗಳು ಇನ್ನೂ ನನ್ನ ಕಾಲ ಬಳಿಯೇ ಇದ್ದವು. ಅದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಎಲ್ಲರನ್ನೂ ಕಟ್ಟಿಕೊಂಡು ಖಾನಾವಳಿಗೆ ಹೋದೆ. ಕಾಶವ್ವ ಗಿರಾಕಿಯಿಲ್ಲದ ಒಲೆಯ ಮುಂದೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

"ಕಾಶಿ, ಊರೆಲ್ಲ ನಿನ್ನ ಕೆಮ್ಮಾಕತ್ತದ. ಗಂಜಿ ಎಲ್ಲಿ?"

ಅವಳು ತಲೆಯೆತ್ತಿ ನಕ್ಕಳು. "ನನಗ ಕೆಮ್ಮು ಬಂದಿಲ್ಲ, ಊರಿಗೆ ನಾ ಹ್ಯಾಂಗ ಹಚ್ಚಲಿ?"

"ಬಂದಿದ್ದು ಮುಚ್ಚಿಟ್ಟಿರಬೇಕು. ಒಬ್ಬಾಕೇ ಇರ್ತೀ, ಯಾರು ಕೇಳ್ಯಾರ?"

"ಸಾವಂತ್ರಿ, ಅದು ನನ್ನ ದನಿ ಅಲ್ಲ. ಅದು ಯಾರದು ಅಂದ್ರ..."

"ಮತ್ತೊಬ್ಬರ ಹೆಸರು ಹೇಳಿ ಪಾರಾಗಬ್ಯಾಡ! ಒಂದು ಹೆಣ ಬಿದ್ದದ. ಸಾಕ್ಷಿ ಅದಾವೇನು ನಿನ್ನ ಮಾತಿಗೆ? ಯಾರನ್ನರ ಇಬ್ಬರ್ನ ನಿಲ್ಲಸು ನೋಡೋಣ."

ಅವಳು ನನ್ನ ಹಿಂದೆ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅವರೆಲ್ಲ ಅವಳ ಕೈಯ ಅನ್ನ ಉಂಡವರು. ಯಾರೂ ಕಣ್ಣೆತ್ತಲಿಲ್ಲ. ದೇಸಾಯಿ ಕಾಕಾ ಕೋಲಿನಿಂದ ನೆಲದ ಮೇಲೆ ಏನೋ ಗೀಚುತ್ತಿದ್ದರು. ಕಾಶವ್ವ ಮೆಣಸಿನಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು.

"ಆತು ಬಿಡ್ರಿ. ಮಠದ ಓಣಿಯಾಗ ಒಲಿ ಹಚ್ಚಾಕ ಗಟ್ಟಿ ಇದ್ದವರು ಯಾರೂ ಇಲ್ಲ ಅಂತ ಕೇಳೇನಿ. ಹಸದವರಿಗೆ ಗಂಜಿ ಹಾಕಾಕ ನನಗ ಸಾಕ್ಷಿ ಬ್ಯಾಡ."

ಡಾಕ್ಟರಬಾಯಿಯ ಮಾತು ಅವಳಿಗೆ ನೆನಪಿತ್ತು. ಮೊದಲ ಮನೆಯಲ್ಲಿ ತಂಬಿಗೆಯನ್ನು ಬಾಗಿಲಲ್ಲಿ ಇಟ್ಟು ಹಿಂದೆ ಸರಿದಳು. ನಾನು ಓಣಿಯಲ್ಲಿ ಕಾವಲು ನಿಂತಿದ್ದೆ. "ಒಳಗ ಹೋಗಿ ಕುಡಸು! ಹಚ್ಚುವಾಗ ಬಾಗಲದಾಗ ನಿಂತು ಹಚ್ಚಿದಿಯೇನು?" ಎಂದು ಕೂಗಿದೆ. ಅವಳು ನನ್ನ ಕಡೆ ಒಮ್ಮೆ ನೋಡಿ, ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಗಿ ಮಾಡಿಕೊಂಡು, ಬಗ್ಗಿ ಒಳಗೆ ಹೋದಳು. ಆಮೇಲೆ ಎಲ್ಲ ಮನೆಗೂ ಹಾಗೆಯೇ ಒಳಗೆ ಹೋದಳು. ದ್ಯಾಮಣ್ಣನ ಮನೆಯಲ್ಲಿ ಬಹಳ ಹೊತ್ತು ಕೂತಳು. ತಾಯಿ ಸತ್ತವನು, ಇನ್ನೂ ಕೆಮ್ಮುತ್ತಿದ್ದ, ಅವಳ ಮುಂದೆ ಅತ್ತನಂತೆ.

ಒಂದು ವಾರ ಊರಿಗೆ ಗಂಜಿ ಹೋಯಿತು. ನಾನು ಗೆದ್ದವಳ ಹಾಗೆ ಗಿರಣಿಯಲ್ಲಿ ಕೂತೆ. ಆಮೇಲೆ ಒಂದು ಬೆಳಿಗ್ಗೆ ಖಾನಾವಳಿಯ ಬಾಗಿಲು ತೆರೆಯಲಿಲ್ಲ. "ಇವತ್ತ ಗಂಜಿ ಇಲ್ಲೇನು?" ಎಂದು ಜಗಳಕ್ಕೇ ಹೋದೆ. ಬಾಗಿಲು ಬಡಿಯಲು ಕೈ ಎತ್ತಿದವಳು ಎತ್ತಿದ ಹಾಗೆಯೇ ನಿಂತೆ. ಒಳಗಿನಿಂದ ಕೆಮ್ಮು ಕೇಳಿತು. ಗಂಡಸಿನ ದನಿ. ಕೊನೆಗೆ ಹಲ್ಲಿನ ಸಂದಿಯಿಂದ ಸಣ್ಣಗೆ ಸಿಳ್ಳೆ ಹೊರಡುವ, ಊರಿನ ಕೂಸಿಗೂ ಗುರುತಿರುವ ದನಿ. ದ್ಯಾಮಣ್ಣನದು.

ನನ್ನ ತಲೆ ಚುರುಕಲ್ಲ, ಆದರೆ ಇಷ್ಟು ತಿಳಿಯುತ್ತದೆ. ಕಾಶಿ ದ್ಯಾಮಣ್ಣನಿಗೆ ಹಚ್ಚಿದ್ದರೆ ದ್ಯಾಮಣ್ಣ ಕಾಶಿಯನ್ನು ಕೆಮ್ಮಬೇಕು. ಕಾಶಿ ಈಗ ದ್ಯಾಮಣ್ಣನನ್ನು ಕೆಮ್ಮುತ್ತಿದ್ದಾಳೆ. ಅಂದರೆ ಅವಳಿಗೆ ಇದು ಮೊದಲು ಬಂದೇ ಇರಲಿಲ್ಲ. ಗಂಜಿ ಕುಡಿಸಲು ಹೋಗಿ ತಂದುಕೊಂಡಳು.

"ಯಾರದು ಹೊರಗ? ಸಾವಂತ್ರೀ? ನಿನ್ನ ಚಪ್ಪಲಿ ಸಪ್ಪಳ ಗೊತ್ತಾಗತದ" ಎಂದಳು ಒಳಗಿನಿಂದ. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. "ಒಳಗ ಬರಬ್ಯಾಡ. ನಾ ಯಾರ್ನ ಕೆಮ್ಮಾಕತ್ತೇನಿ, ಹೇಳು."

"ದ್ಯಾಮಣ್ಣನ್ನ."

"ಹಂಗಾರ ಅವಗ ಹೇಳಬ್ಯಾಡ. ಗಂಜಿ ತರ್ತೀನಂತ ಎದ್ದು ಓಡಿ ಬಂದಾನು, ನಿಲ್ಲಾಕ ಶಕ್ತಿ ಇಲ್ಲ ಅವಗ."

ನಾನು ಬಾಗಿಲಿಗೆ ಹಣೆ ಹಚ್ಚಿದೆ. "ಕಾಶಿ, ದ್ಯಾಮಣ್ಣ ಯಾರ್ನ ಕೆಮ್ಮತಾನ?"

ಒಳಗೆ ಅವಳು ಗೋಡೆಗೆ ಒರಗಿ ಕೂತ ಸಪ್ಪಳ ಕೇಳಿತು.

"ನಿನ್ನ. ಊರಿಗೆಲ್ಲ ಗೊತ್ತದ. ನಿನಗೊಬ್ಬಾಕಿಗೆ ಗೊತ್ತಿಲ್ಲ."

"ಅವತ್ತ ಯಾಕ ಹೇಳಲಿಲ್ಲ?"

"ಬಾಯಿ ತೆರದಿದ್ದೆ. ನೀ ಮುಚ್ಚಿಸಿದಿ." ಮತ್ತೆ ದ್ಯಾಮಣ್ಣನ ಸಿಳ್ಳೆ. "ಹೋಗು ಮಾರಾಯ್ತಿ, ಆ ಬಿಳಿ ಗಾಡಿ ಬಾಯಾರಿಗೆ ಹೇಳಿ ಕಳಸು. ನನಗ ಉಸರ ಸಾಲವಲ್ದು."

ಗಾಡಿಗೆ ಹೇಳಿ ಕಳಿಸಿ ಮನೆಗೆ ಬಂದೆ. ನಿಂಗಪ್ಪ ಪಡಸಾಲೆಯಲ್ಲಿ ಕೂತಿದ್ದರು. "ಮಿಸ್ತ್ರಿ ಹೋದ ಮ್ಯಾಲ ನಾ ಕೆಮ್ಮತಿದ್ದೆ. ಯಾರ್ನ ಕೆಮ್ಮತಿದ್ದೆ?" ಎಂದು ಕೇಳಿದೆ. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಆ ಮಿಸ್ತ್ರಿನ್ನ."

"ಮತ್ತ ಹೇಳಬಾರದಿತ್ತೇನ್ರಿ!"

"ಹೆಣತಿ ಪರಗಂಡಸಿನ ದನಿಯೊಳಗ ಕೆಮ್ಮತಾಳ. ಹ್ಯಾಂಗ ಕೇಳಲಿ? ಕೇಳಿದ್ರ ನೀ ಮನಿ ಮಾಡು ಹಾರಸ್ತಿದ್ದಿ. ಗಿರಣಿ ಕೆಲಸದಾಗ ಹತ್ತಿರಬೇಕು ಅಂತ ನನಗ ನಾ ಹೇಳಿಕೊಂಡೆ. ಒಮ್ಮೊಮ್ಮಿ ಬ್ಯಾರೆ ಏನೋ ಅಂದಕೊಂಡೆ. ನಾಚಿಕಿ ಬಂತು, ಸುಮ್ಮನಾದೆ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಆಮ್ಯಾಲ ಊರಾಗ ನಿನ್ನ ದನಿ ಕೇಳಸಾಕ ಹತ್ತಿತು. ಆವಾಗೂ ಸುಮ್ಮನಾದೆ" ಎಂದರು.

ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಮನುಷ್ಯ. ಹೆಂಡತಿಯನ್ನು ಅನುಮಾನಿಸುವುದು ಅವರಿಗೆ ಅವಳನ್ನು ಒಂದು ಮಾತು ಕೇಳುವುದಕ್ಕಿಂತ ಸುಲಭವಾಗಿತ್ತು. ಬೈಯದೆಯೇ ಎದ್ದು ಅಡಿಗೆಮನೆಗೆ ಹೋದೆ.

ಬಿಳಿ ಗಾಡಿ ಕಾಶವ್ವನನ್ನು ದೊಡ್ಡಾಸ್ಪತ್ರೆಗೆ ಒಯ್ದಿತು. ಅಡಿಗೆಮನೆಯಲ್ಲಿ ನಿಂತು ನಾನು ಗಂಜಿಗೆ ಎಸರಿಟ್ಟೆ, ಆಮೇಲೆ ನೆನಪಾಯಿತು. ಕಾಶಿಗೆ ನಾನು ಗಂಜಿ ಒಯ್ಯುವ ಹಾಗಿಲ್ಲ. ಅವಳು ನನ್ನನ್ನು ಕೆಮ್ಮಲಿಲ್ಲ. ನಮ್ಮೂರ ಪದ್ಧತಿಯ ಪ್ರಕಾರ ಅವಳ ವಿಷಯದಲ್ಲಿ ನನ್ನ ತಪ್ಪೇ ಇಲ್ಲ. ಉಳಿದ ಮನೆಗಳಿಗೆ ಒಯ್ಯೋಣವೆಂದರೆ, ನನ್ನ ಪಾಲಿನ ಗಂಜಿಯನ್ನು ಅವಳು ಆಗಲೇ ಕುಡಿಸಿ ಮುಗಿಸಿದ್ದಳು. ಎಸರು ಕುದಿದು ಕುದಿದು ತಳ ಹತ್ತಿತು. ಅವಳು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಮಣ್ಣು ಕೊಟ್ಟದ್ದೂ ಆಸ್ಪತ್ರೆಯವರೇ. ಎಲ್ಲಿ ಎಂದು ಕೇಳಿ ತಿಳಿದುಕೊಳ್ಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಬೇಸಗೆ ಕಳೆಯುವ ಹೊತ್ತಿಗೆ ಊರಿನ ಕೆಮ್ಮು ನಿಂತಿತು. ಡಾಕ್ಟರಬಾಯಿ ಮತ್ತೆ ಬಂದು ಚಾವಡಿಯಲ್ಲಿ ಜನ ಸೇರಿಸಿದರು. ಇದು ಹೋಯಿತು ಎಂದು ಮರೆಯಬೇಡಿ ಎಂದರು. ಇಂಥದೇ ಇನ್ನೊಂದು ಬರುತ್ತದೆ. ಕೋಳಿಯಿಂದಲೋ, ಬಾವಲಿಯಿಂದಲೋ, ಯಾವ ದೇಶದಿಂದಲೋ, ಯಾರೂ ಹೇಳಲಾರರು. ಮೊದಲು ಕೇಳಿದವರು ಮೊದಲ ದಿನವೇ ಬಾಯಿಬಿಟ್ಟು ಹೇಳಿದರೆ ಮಾತ್ರ ಅದನ್ನು ಹಿಡಿದು ನಿಲ್ಲಿಸಬಹುದು, ಊರಾಗಲಿ ದೇಶವಾಗಲಿ ಎಲ್ಲಕ್ಕೂ ಅದೇ ಮಾತು ಎಂದರು. ದೇಸಾಯಿ ಕಾಕಾ ಕೋಲೂರಿ ಎದ್ದು, ಇನ್ನು ಮೇಲೆ ಗಂಜಿ ಬಾಗಿಲಲ್ಲೇ ಇಡತಕ್ಕದ್ದು, ದನಿ ಯಾರದೇ ಇರಲಿ ಅವರ ಮುಖಕ್ಕೇ ಹೇಳತಕ್ಕದ್ದು ಎಂದು ಊರಿನ ಪರವಾಗಿ ಸಾರಿದರು. ಎಲ್ಲರೂ ಹೌದೆಂದರು. ಯಾರೂ ನನ್ನ ಕಡೆ ನೋಡಲಿಲ್ಲ.

ನಾನು ಎದ್ದೆ. ಹೇಳಬೇಕಾದದ್ದನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡು ಬಂದಿದ್ದೆ.

"ನೀವು ಹೇಳಿದ್ರ ಕಾಶಿ ಉಳೀತಿದ್ಲು. ಹೇಳದಂಗ ಮಾಡಿದಾಕಿ ನಾನ. ಮುಂದ ನನ್ನ ದನಿ ಯಾರ ಬಾಯಾಗ ಕೇಳಿದ್ರೂ ನನಗ ಹೇಳ್ರಿ. ಗಿರಣಿಯಾಗ ಯಾರ ಬುಟ್ಟಿನೂ ಹೊರಗ ಇಡೂದಿಲ್ಲ. ಯಾರು ಹೇಳ್ತೀರಿ? ಒಬ್ಬರರ ಕೈ ಎತ್ರಿ."

ಚಾವಡಿಯಲ್ಲಿ ಒಂದು ಕೈಯೂ ಏಳಲಿಲ್ಲ. ಕೊನೆಗೆ ದ್ಯಾಮಣ್ಣ, ತಾಯಿಯನ್ನು ಕಳೆದುಕೊಂಡ ದ್ಯಾಮಣ್ಣ, ಕೂತಲ್ಲಿಂದಲೇ ಹೇಳಿದ. "ಹೇಳೋಣ್ರಿ ಅಕ್ಕಾ. ಆದ್ರ ನೀವು ಸಿಟ್ಟಾಗಬಾರದು."

"ಸಿಟ್ಟಾ? ನಾ ಯಾವಾಗ ಸಿಟ್ಟಾಗೇನೋ?"

ಮಾತು ನಾನೆಣಿಸಿದ್ದಕ್ಕಿಂತ ಜೋರಾಗಿ ಹೊರಟು, ಚಾವಡಿಯ ಎದುರು ಗೋಡೆಗೆ ಬಡಿದು ನನ್ನ ಕಡೆಗೇ ತಿರುಗಿ ಬಂತು. ಮುಂದಿನ ಸಾಲಿನ ಹೆಂಗಸರು ಕೂತಲ್ಲೇ ಹಿಂದೆ ಸರಿದರು. ಗೋಡೆಯಿಂದ ಬಂದ ಆ ದನಿಯನ್ನು ನಾನು ಮೊದಲ ಸಲ ಹೊರಗಿನವಳ ಹಾಗೆ ಕೇಳಿದೆ. ಒರಟು ಹೆಂಗಸಿನ ದನಿ, ಎದುರಿಗಿದ್ದವರನ್ನು ತಳ್ಳಿಕೊಂಡು ಹೋಗುವ ದನಿ. ದ್ಯಾಮಣ್ಣನ ತಾಯಿ ಅದರಲ್ಲೇ ಸತ್ತಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ನಾನು ಬಾಯಿ ತೆರೆದದ್ದನ್ನು ಕಂಡೇ ದ್ಯಾಮಣ್ಣ ಎರಡೂ ಕೈ ಜೋಡಿಸಿದ.

"ಇಲ್ಲಿಲ್ರಿ ಅಕ್ಕಾ, ನೀವೆಲ್ಲಿ ಸಿಟ್ಟಾಗತೀರಿ" ಎಂದ.

"ಎಂದೂ ಇಲ್ಲ ಬಿಡ್ರಿ" ಎಂದರು ಎಲ್ಲರೂ.